ನಮ್ಮ ಶಿಶುವಿಹಾರಕ್ಕೆ ಕೊಟ್ಟ ‘ಅತ್ಯುತ್ತಮ’ ದರ್ಜೆಯನ್ನು ಹಿಂದಕ್ಕೆ ಪಡೆಯಿರಿ

ಶಿಶುವಿಹಾರಗಳ ಗುಣಮಟ್ಟ ನಿರ್ಧರಿಸುವ ಕಚೇರಿಯ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ಕಳೆದ ತಿಂಗಳು ತಮ್ಮ ಕಚೇರಿಯಿಂದ ನಮಗೊಂದು ಪತ್ರ ಬಂತು. ದಪ್ಪನೆಯ ಕಾಗದ, ಕೆಳಗೆ ಉಬ್ಬುಮುದ್ರೆ. ಮೂಲನಿವಾಸಿಗಳ ಸಂಸ್ಕೃತಿಯನ್ನೂ ಈ ನೆಲದ ಜೊತೆಗಿನ ನಂಟನ್ನೂ ಪುಟ್ಟ ಮಕ್ಕಳಿಗೆ ಬಯಲಿನಲ್ಲಿ ಕಲಿಸುವುದರಲ್ಲಿ ನಮ್ಮ ಶಿಶುವಿಹಾರ ‘ಅತ್ಯುತ್ತಮ’ ದರ್ಜೆಗೆ ಪಾತ್ರವಾಗಿದೆ ಎಂದು ಅದರಲ್ಲಿತ್ತು. ಅದನ್ನು ಎದೆಗೆ ಹಿಡಿದು ನಗುತ್ತಿರುವ ನನ್ನ ಫೋಟೊ ಇದೇ ವಾರಪತ್ರಿಕೆಯ ಮೂರನೆಯ ಪುಟದಲ್ಲಿ ಅಚ್ಚಾಯಿತು. ಇಂದು ಅದೇ ಪತ್ರಿಕೆಯ ಮೂಲಕ ತಮ್ಮನ್ನು ಕೇಳಿಕೊಳ್ಳುತ್ತಿದ್ದೇನೆ: ಆ ದರ್ಜೆಯನ್ನು ಹಿಂದಕ್ಕೆ ಪಡೆಯಿರಿ. ಅದು ಸುಳ್ಳಿನ ಮೇಲೆ ಸಿಕ್ಕಿದ್ದು. ಸುಳ್ಳು ಹೇಳಿದವಳು ನಾನು. ಸುಳ್ಳಿಗೆ ಬೇಕಾದ ಅನುಕೂಲವನ್ನೆಲ್ಲ ಒದಗಿಸಿದವರು ತಾವು.

ಇದನ್ನು ಖಾಸಗಿಯಾಗಿ ತಿಳಿಸಬಹುದಿತ್ತಲ್ಲ ಎಂದು ಕೇಳುತ್ತೀರಿ. ತಿಳಿಸಿದೆ. ದರ್ಜೆ ಏರಿಸಬೇಕೆಂದು ಮೇಲ್ಮನವಿ ಸಲ್ಲಿಸಲು ನಿಗದಿತ ನಮೂನೆಯಿದೆ, ಇಳಿಸಬೇಕೆಂದು ಕೋರಲು ಯಾವ ನಮೂನೆಯೂ ಇಲ್ಲ ಎಂಬ ಉತ್ತರ ತಮ್ಮ ಕಚೇರಿಯಿಂದ ಬಂತು. ಕೊನೆಯಲ್ಲಿ ಮತ್ತೊಮ್ಮೆ ಅಭಿನಂದನೆ ಹೇಳಿದ್ದರು. ಎರಡು ದಿನ ಆ ಉತ್ತರವನ್ನು ಮೇಜಿನ ಮೇಲಿಟ್ಟುಕೊಂಡು ನೋಡಿದೆ. ನಮೂನೆಯಿಲ್ಲದ ಅರ್ಜಿಯನ್ನು ಊರೆಲ್ಲ ಓದುವ ಕಡೆ ಬರೆಯುವುದೇ ಸರಿ ಎಂದು ತೋರಿತು.

ನಾನು ಇಪ್ಪತ್ತಾರು ವರ್ಷದಿಂದ ಈ ನದಿ ದಂಡೆಯ ಊರಿನಲ್ಲಿ ನಾಲ್ಕು ವರ್ಷದ ಮಕ್ಕಳಿಗೆ ಕಲಿಸುತ್ತಿದ್ದೇನೆ. ಹುಟ್ಟಿದ್ದೂ ಇಲ್ಲೇ, ಪೀಚ್ ತೋಟದ ಮನೆಯಲ್ಲಿ. ನಮ್ಮ ಮನೆತನ ಇಲ್ಲಿಗೆ ಬಂದು ಐದು ತಲೆಮಾರು ಎಂದು ಅಪ್ಪ ಹೆಮ್ಮೆಯಿಂದ ಹೇಳುತ್ತಿದ್ದರು. ಐದು ತಲೆಮಾರು ಆ ನೀರು ಕುಡಿದರೂ ಆ ನದಿಗೆ ದುಂಗಲ ಎಂಬ ಹೆಸರಿದೆ ಎಂಬುದು ನನಗೆ ತಿಳಿದದ್ದು ಐವತ್ತೊಂದನೆಯ ವಯಸ್ಸಿನಲ್ಲಿ. ಅದಕ್ಕೆ ಮೊದಲು ನಮ್ಮ ನಕ್ಷೆಯಲ್ಲಿದ್ದ ಹೆಸರೇ ಅದರ ಹೆಸರು ಎಂದುಕೊಂಡಿದ್ದೆ. ತಿಳಿಸಿದವರು ಆಂಟಿ ನೋಲಾ.

ತಮ್ಮ ಸುತ್ತೋಲೆಗಳಲ್ಲಿ ‘ಸಮುದಾಯದ ಹಿರಿಯ ಸಂಪನ್ಮೂಲ ವ್ಯಕ್ತಿ’ ಎಂದು ಬರೆಯುತ್ತೀರಲ್ಲ, ಅದನ್ನೇ ಇಲ್ಲಿಯ ಮೂಲನಿವಾಸಿಗಳಾದ ಯೋರ್ಟಾ ಯೋರ್ಟಾ ಜನ ‘ಆಂಟಿ’ ಎಂದು ಎರಡಕ್ಷರದಲ್ಲಿ ಮುಗಿಸುತ್ತಾರೆ. ವಯಸ್ಸಾದವರಿಗೆಲ್ಲ ಸಿಗುವ ಹೆಸರಲ್ಲ ಅದು. ಅವರ ಜನ ಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ. ಆರು ವರ್ಷದ ಹಿಂದೆ ಆಂಟಿ ನೋಲಾ ಮೊಮ್ಮಗಳನ್ನು ಕರೆದೊಯ್ಯಲು ನಮ್ಮಲ್ಲಿಗೆ ಬಂದಿದ್ದರು. ನಾನು ಆಗಷ್ಟೇ ಒಂದು ‘ಸಂಸ್ಕೃತಿ ಮೂಲೆ’ ಮಾಡಿ ಮುಗಿಸಿದ್ದೆ. ಕಾರ್ಖಾನೆಯಲ್ಲಿ ತಯಾರಾದ ಎರಡು ಬೂಮರಾಂಗು, ಗೋಡೆಯ ತುಂಬ ಮಕ್ಕಳು ಹತ್ತಿಯ ಕಡ್ಡಿಯಲ್ಲಿ ಇಟ್ಟ ಬಣ್ಣದ ಚುಕ್ಕೆಗಳು. ಆಂಟಿ ಕನ್ನಡಕ ಏರಿಸಿಕೊಂಡು ನೋಡಿದರು.

“ಏನೇ ಹುಡುಗಿ, ಗೋಡೆಗೆ ಸಿಡುಬು ಎದ್ದಿದೆ?”

“ಮೂಲನಿವಾಸಿ ಚಿತ್ರಕಲೆ ಆಂಟಿ. ಮಕ್ಕಳೇ ಮಾಡಿದ್ದು.”

“ಮಕ್ಕಳು ಚೆನ್ನಾಗೇ ಮಾಡಿದಾರೆ. ಆದ್ರೆ ಚುಕ್ಕೆ ಮರಳುಗಾಡಿನೋರ್ದು ಕಣೆ. ಇಲ್ಲಿಂದ ಎರಡು ದಿನ ಕಾರು ಓಡಿಸ್ಬೇಕು ಅವ್ರ ಊರಿಗೆ. ನಾವು ನದಿಯೋರು. ನಮ್ದು ಗೆರೆ.” ಎಂದು ತಮ್ಮ ಅಂಗೈ ಚಾಚಿ ತೋರಿಸಿದರು, ಗೆರೆ ಎಂದರೆ ಏನೆಂದು ನನಗೆ ಗೊತ್ತಿಲ್ಲವೇನೋ ಎಂಬಂತೆ. ಆಮೇಲೆ, “ಬುಧವಾರ ಇವ್ರನ್ನೆಲ್ಲ ನದಿ ಹತ್ರ ಕರ್ಕೊಂಡ್ ಬಾ. ಬಣ್ಣ ಗಿಣ್ಣ ಏನೂ ತರ್ಬೇಡ. ಬೂಟು ಹಾಕ್ಸು, ಹಾವಿರುತ್ತೆ,” ಎಂದರು.

ಅಲ್ಲಿಂದ ಆರು ವರ್ಷ, ಮಳೆ ಜೋರಾಗಿದ್ದ ದಿನ ಬಿಟ್ಟರೆ, ಪ್ರತಿ ಬುಧವಾರ ನದಿ. ತಮ್ಮ ಪರಿಶೀಲನಾ ಪಟ್ಟಿಯಲ್ಲಿ ‘ಕಲಿಕಾ ಫಲ’ ಎಂಬ ಕಲಂ ಇದೆ. ಮೊದಲ ಬುಧವಾರದ ಕಲಿಕಾ ಫಲ ಏನೆಂದು ಬರೆಯುವುದು ನನಗೆ ಕಷ್ಟವಾಯಿತು, ಏಕೆಂದರೆ ಆಂಟಿ ಅರ್ಧ ಗಂಟೆ ಏನೂ ಹೇಳಲಿಲ್ಲ. ಸುಮ್ಮನೆ ಕೂರಿಸಿದರು. ನಾನು ಚಡಪಡಿಸಿದೆ. ಮಕ್ಕಳು ಚಡಪಡಿಸಲಿಲ್ಲ. ಆಮೇಲೆ ಒಬ್ಬೊಬ್ಬರ ಕೈಗೂ ಚಿಟಿಕೆ ಮರಳು ಕೊಟ್ಟು, “ನೀರಿಗೆ ಹಾಕಿ ಹೆಸರು ಹೇಳ್ರಪ್ಪ. ಯಾರು ಬಂದಿದಾರೆ ಅಂತ ಅದಕ್ಕೂ ಗೊತ್ತಾಗ್ಲಿ,” ಎಂದರು. ಇಪ್ಪತ್ತೆರಡು ಮಕ್ಕಳು ನದಿಗೆ ತಮ್ಮ ಹೆಸರು ಹೇಳಿದರು. ಕೊನೆಗೆ ಆಂಟಿ ನನ್ನತ್ತ ತಿರುಗಿ, “ನಿಂಗೇನು ಬೇರೆ ಹೇಳ್ಬೇಕಾ?” ಎಂದರು. ನಾನೂ ಹೇಳಿದೆ. ಐವತ್ತೊಂದು ವರ್ಷದ ಹೆಂಗಸು ನೀರಿಗೆ ತನ್ನ ಹೆಸರು ಹೇಳುವಾಗ ಆಗುವ ಸಂಕೋಚವನ್ನು ತಮ್ಮ ಯಾವ ಕಲಮಿನಲ್ಲೂ ತುಂಬಲಾರೆ.

ಅವರು ನೆಲ ಎಂದಾಗ ಅದು ಮಣ್ಣಷ್ಟೇ ಆಗಿರಲಿಲ್ಲ. ನೀರು, ಮರ, ಆಮೆ, ಅಲ್ಲಿ ತೀರಿಕೊಂಡ ಅವರ ಅಜ್ಜ, ಇನ್ನೂ ಹುಟ್ಟದ ಮಕ್ಕಳು, ಎಲ್ಲ ಸೇರಿದ ಒಂದು ಬಳಗ. ಬಳಗವೆಂದರೆ ಯೋಗಕ್ಷೇಮ ವಿಚಾರಿಸಬೇಕು, ಹಬ್ಬಕ್ಕೊಮ್ಮೆಯಾದರೂ ಹೋಗಿಬರಬೇಕು, ಕಾಯಿಲೆಯಾದರೆ ನೋಡಿಕೊಳ್ಳಬೇಕು. ಇಷ್ಟೇ ಅವರ ಪಾಠ. ದಂಡೆಯಲ್ಲಿ ಒಂದು ಮುದಿ ಕೆಂಪು ನೀಲಗಿರಿ ಮರವಿದೆ. ಅದರ ಕಾಂಡದಲ್ಲಿ ಆಳುದ್ದದ ಒಂದು ಗಾಯದ ಗುರುತು. ಅವರ ಹಿರಿಯರು ಆ ತೊಗಟೆಯನ್ನು ಬಿಡಿಸಿ ದೋಣಿ ಮಾಡಿದ್ದರು. ಅದರ ಅಂಚಿನ ಮೇಲೆ ಕೈಯಿಟ್ಟು ಕಳೆದ ವರ್ಷ ಒಬ್ಬಳು ಕೇಳಿದಳು, “ಮರಕ್ಕೆ ನೋವಾಯ್ತಾ?”

“ಆಗಿರುತ್ತೆ. ಅದಕ್ಕೇ ಕೇಳಿ ತಗೊಂಡ್ರು. ಒಂದು ಕಡೆ ಮಾತ್ರ ತಗೊಂಡ್ರು. ನೋಡು, ಇನ್ನೂ ಎಲೆ ಬಿಡ್ತಾ ಇದೆ.”

“ಅದು ಹೂಂ ಅಂತಾ?”

“ಇಲ್ಲ ಅಂದಿದ್ರೆ ನಮ್ಮಜ್ಜ ಈಜ್ಕೊಂಡೇ ಹೋಗ್ಬೇಕಿತ್ತು.”

ಕೇಳಿದವಳು ಕೈಲಾ, ಆಂಟಿಯ ಮರಿಮಗಳು, ಆಗ ನಾಲ್ಕೂವರೆ ವರ್ಷ. ಮುತ್ತಜ್ಜಿಯನ್ನು ಅವಳು ಅಜ್ಜಿ ಎಂದೇ ಕರೆಯುವುದು. ಈ ಪತ್ರದಲ್ಲಿ ಮುಂದೆಯೂ ಅವಳು ಬರುತ್ತಾಳೆ. ತಮ್ಮ ತಪಾಸಣಾ ವರದಿಯ ಹದಿನಾಲ್ಕನೆಯ ಪುಟದಲ್ಲಿ ಈಗಾಗಲೇ ಬಂದಿದ್ದಾಳೆ.

ಇಲ್ಲಿ ವಸಂತ ಮುಗಿಯುವ ಹೊತ್ತಿಗೆ, ನವೆಂಬರ್ ಮಳೆ ಬಿದ್ದ ಮರುದಿನ, ಉದ್ದಕತ್ತಿನ ಆಮೆಗಳು ನೀರಿನಿಂದೆದ್ದು ಮರಳಿನಲ್ಲಿ ಗುಂಡಿ ತೋಡಿ ಮೊಟ್ಟೆಯಿಡುತ್ತವೆ. ಆ ರಾತ್ರಿಯೇ ನರಿಗಳು ಅಗೆದು ತಿನ್ನುತ್ತವೆ. ನರಿಯನ್ನು ಈ ದೇಶಕ್ಕೆ ತಂದವರು ನನ್ನ ಹಿರಿಯರು, ಬೇಟೆಯ ಮೋಜಿಗೆ. ಹಾಗಾಗಿ ನಮ್ಮ ಮಕ್ಕಳು ಪ್ರತಿ ವರ್ಷ ಗೂಡುಗಳನ್ನು ಹುಡುಕಿ ಮೇಲೆ ತಂತಿಬಲೆ ಹೊದಿಸಿ ನಾಲ್ಕು ಮೂಲೆಗೆ ಕಲ್ಲಿಡುತ್ತಿದ್ದರು. ಗೂಡು ಎಲ್ಲಿದೆಯೆಂದು ಆಂಟಿಗೆ ಮಾತ್ರ ಗೊತ್ತಾಗುತ್ತಿತ್ತು. ನನಗೆ ಇಂದಿಗೂ ಬರೀ ಮರಳು ಕಾಣುತ್ತದೆ.

ಕಳೆದ ಜುಲೈನಲ್ಲಿ ತಮ್ಮ ಸುತ್ತೋಲೆ ಬಂತು. ಮಕ್ಕಳ ಜೊತೆಗಿರುವ ಪ್ರತಿಯೊಬ್ಬರ ಬಳಿಯೂ, ಹಿರಿಯರಿರಲಿ, ಅತಿಥಿಗಳಿರಲಿ, ಪೂರ್ವಾಪರ ಪರಿಶೀಲಿಸಿದ ಅರ್ಹತಾ ಕಾರ್ಡು ಇರಬೇಕು. ಇದರಲ್ಲಿ ನನಗೆ ತಕರಾರಿಲ್ಲ. ಮಕ್ಕಳ ಹತ್ತಿರ ಸುಳಿಯುವವರನ್ನು ವಿಚಾರಿಸಲೇಬೇಕು. ವಿಚಾರಿಸದೆ ಬಿಟ್ಟದ್ದರಿಂದ ಏನೇನಾಗಿದೆ ಎಂಬುದು ಈ ದೇಶದಲ್ಲಿ ಎಲ್ಲರಿಗೂ ಗೊತ್ತಿದೆ. ಅರ್ಜಿಯನ್ನು ನಾನೇ ಆಂಟಿಯ ಎದುರು ಕೂತು ತುಂಬಿದೆ. ಹಿಂದೆ ಯಾವುದಾದರೂ ಆರೋಪಕ್ಕೆ ಗುರಿಯಾಗಿದ್ದೀರಾ ಎಂಬ ಸಾಲು ಬಂದಾಗ ಅವರು ನಕ್ಕರು. “ಅರವತ್ತೆಂಟನೇ ಇಸ್ವೀಲಿ ಪಾದ್ರಿಗೆ ಮುಖದ ಮೇಲೇ ಬೈದಿದ್ದೆ. ಅದು ಲೆಕ್ಕಕ್ಕೆ ಬರುತ್ತಾ?” ಬರುವುದಿಲ್ಲ ಎಂದು ಹೇಳಿ ‘ಇಲ್ಲ’ ಎಂದು ಬರೆದೆ.

ಸೆಪ್ಟೆಂಬರಿನಲ್ಲಿ ಉತ್ತರ ಬಂತು. ಅರ್ಜಿದಾರರ ಹೆಸರಿನಲ್ಲಿ ನ್ಯಾಯಾಲಯದ ದಾಖಲೆಯೊಂದು ಕಂಡುಬಂದಿದೆ, ಅರ್ಜಿಯಲ್ಲಿ ಅದನ್ನು ಮುಚ್ಚಿಡಲಾಗಿದೆ, ಹೆಚ್ಚಿನ ವಿಚಾರಣೆ ಮುಗಿಯುವವರೆಗೆ ಅವರು ಮಕ್ಕಳ ಬಳಿ ಇರತಕ್ಕದ್ದಲ್ಲ. ಏನು ದಾಖಲೆ ಎಂದು ಬರೆದಿರಲಿಲ್ಲ. ಗೌಪ್ಯತೆಯ ದೃಷ್ಟಿಯಿಂದ ತಿಳಿಸಲಾಗುವುದಿಲ್ಲ ಎಂದಿತ್ತು. ಒಬ್ಬರ ಮರ್ಯಾದೆಯನ್ನು ಅರ್ಧ ಬಿಚ್ಚಿ, ಉಳಿದರ್ಧವನ್ನು ನೋಡುವವರ ಊಹೆಗೆ ಬಿಡುವುದಕ್ಕೆ ತಾವು ಗೌಪ್ಯತೆ ಎನ್ನುತ್ತೀರಾ?

ಆದರೆ ಇಲ್ಲಿ ನಾನು ತಮ್ಮನ್ನು ಬೈಯುವಂತಿಲ್ಲ. ಏಕೆಂದರೆ ಆ ಉಳಿದರ್ಧವನ್ನು ತುಂಬಿಕೊಂಡವಳು ನಾನು. ಕಳ್ಳತನವೇ? ಕುಡಿದು ಮಾಡಿದ ಗಲಾಟೆಯೇ? ಮಗುವಿಗೇನಾದರೂ ಹೊಡೆದಿದ್ದರೇ? ಆರು ವರ್ಷ ವಾರವಾರವೂ ಪಕ್ಕದಲ್ಲಿ ಕೂತವರ ಬಗ್ಗೆ ನನ್ನ ತಲೆಯಲ್ಲಿ ಇವೆಲ್ಲ ಎದ್ದು ನಿಲ್ಲಲು ಒಂದು ನಿಮಿಷವೂ ಬೇಕಾಗಲಿಲ್ಲ. ಎಲ್ಲೋ ಸಿದ್ಧವಾಗಿ ಕೂತಿದ್ದವು ಅವು. ಪೀಚ್ ತೋಟದ ಮನೆಯ ಊಟದ ಮೇಜಿನಲ್ಲಿ ಕೇಳಿದ ಮಾತುಗಳೇ ಇರಬೇಕು. ನನ್ನಲ್ಲಿ ಇಲ್ಲವೇ ಇಲ್ಲ ಎಂದುಕೊಂಡಿದ್ದೆ.

ಆಂಟಿಯನ್ನು ನನ್ನ ಕೋಣೆಗೆ ಕರೆದೆ. ಬಾಗಿಲು ಹಾಕಿದೆ. ಅದುವರೆಗೆ ಅವರು ಒಳಗಿರುವಾಗ ನಾನು ಆ ಬಾಗಿಲು ಹಾಕಿದ್ದೇ ಇಲ್ಲ.

“ಆಂಟಿ, ಏನಾದ್ರೂ ಹೇಳೋದಿದ್ರೆ ಈಗ್ಲೇ ಹೇಳ್ಬಿಡಿ.”

“ಏನು ಹೇಳ್ಲಿ?”

“ಕೋರ್ಟಿನ ದಾಖಲೆ ಇದೆ ಅಂತ ಬರ್ದಿದಾರೆ.”

“ನಾನೇನ್ ಮಾಡಿದೀನಿ?”

“ಅದನ್ನ ನೀವೇ ಹೇಳ್ಬೇಕು.”

ಅವರು ನನ್ನನ್ನು ನೋಡುತ್ತ ಕೂತರು. ಕೋಪವಿರಲಿಲ್ಲ. ಗೊತ್ತಿದ್ದವಳು ಎಂದುಕೊಂಡು ಮಾತಾಡಿಸಿ, ಹತ್ತಿರ ಬಂದಾಗ ಬೇರೆ ಯಾರೋ ಎಂದು ತಿಳಿದಾಗ ನೋಡುತ್ತೇವಲ್ಲ, ಹಾಗೆ. ಆಮೇಲೆ ಎದ್ದು ಟೋಪಿ ತೆಗೆದುಕೊಂಡರು. “ಬುಧವಾರ ಬರ್ತೀನಿ ಅಂತ ಮಕ್ಕಳಿಗೆ ಮಾತು ಕೊಟ್ಟಿದೀನಿ. ಒಳಗೆ ಬರ್ಬಾರ್ದು ಅಂದ್ರೆ ರಸ್ತೇಲಿರ್ತೀನಿ ಬಿಡು.”

ಹಾಗೆಯೇ ಮಾಡಿದರು. ಬುಧವಾರ ಬೆಳಿಗ್ಗೆ ಕೈಲಾಳನ್ನು ಬಿಟ್ಟು, ಬೇಲಿಯ ಆಚೆ ಮೆಣಸಿನಂಥ ಕಾಯಿ ಬಿಡುವ ಮರದ ಕೆಳಗೆ ತಮ್ಮ ಹಳೆಯ ಬಿಳಿ ಕಾರು ನಿಲ್ಲಿಸಿಕೊಂಡು ಮಧ್ಯಾಹ್ನದವರೆಗೂ ಅದರಲ್ಲಿ ಕೂರುತ್ತಿದ್ದರು. ಮಕ್ಕಳು ಬೇಲಿಯ ಬಳಿ ಹೋಗಿ ಕೈಬೀಸುತ್ತಿದ್ದರು. ಆಂಟಿಯಿಲ್ಲದೆ ನದಿಗೆ ಹೋಗುವ ಧೈರ್ಯ ನನಗಿರಲಿಲ್ಲ. ಹೋಗಿ ಏನು ಹೇಳಲಿ? ಹಾಗಾಗಿ ಅದೂ ನಿಂತಿತು.

ಅಷ್ಟರಲ್ಲಿ ತಮ್ಮ ತಪಾಸಣೆಯ ದಿನಾಂಕ ಬಂತು. ಅಕ್ಟೋಬರಿನ ಒಂದು ಬುಧವಾರ. ನನ್ನ ಸಹೋದ್ಯೋಗಿ ಕಾರ್ಮೆಲಾ ಹನ್ನೊಂದು ವರ್ಷದಿಂದ ನನ್ನ ಜೊತೆಗಿದ್ದಾಳೆ. ಅವಳು ನನ್ನನ್ನು ಕರೆಯುವುದು ರೋ ಎಂದು. ನೇರವಾಗಿ ಹೇಳಿದಳು.

“ರೋ, ಮುಂದಕ್ಕೆ ಹಾಕ್ಸು. ಇದ್ದದ್ದನ್ನ ಇದ್ದ ಹಾಗೆ ಬರ್ದು ಕಳ್ಸು.”

“ಬರೆದ್ರೆ ಏನಾಗುತ್ತೆ ಗೊತ್ತಾ? ಆರೋಪ ಇರೋರ ಕೈಗೆ ಆರು ವರ್ಷ ಮಕ್ಕಳನ್ನ ಕೊಟ್ಟಿದ್ರು ಅಂತಾರೆ.”

“ಯಾವ ಆರೋಪ?”

“ನಂಗೇನ್ ಗೊತ್ತು?”

“ಗೊತ್ತಿಲ್ದೇನೇ ಹೆದರ್ತಾ ಇದೀಯಲ್ಲ. ಅದೇ ನಾನು ಬೆಳಿಗ್ಗೆ ತಡವಾಗಿ ಬಂದ್ರೆ ನೂರು ಸಲ ಯಾಕೆ ಅಂತ ಕೇಳ್ತೀಯ.”

ನಾನು ಅವಳ ಮಾತು ಕೇಳಲಿಲ್ಲ. ಅಂಗಳದಲ್ಲೇ ಒಂದು ನದಿ ಮಾಡಿದೆ. ನೀಲಿ ಪ್ಲಾಸ್ಟಿಕ್ ಹಾಳೆ ಹಾಸಿ, ಎರಡು ಬದಿಗೆ ಮರಳು ಸುರಿದು, ಆಮೆಯ ಚಿತ್ರಗಳನ್ನು ಮುದ್ರಿಸಿ ಕತ್ತರಿಸಿ ಮಕ್ಕಳ ಕೈಯಲ್ಲಿ ನೆಡಿಸಿದೆ. ಗೋಡೆಯ ತುಂಬ ಹಿಂದಿನ ವರ್ಷಗಳ ಫೋಟೊ ಹಚ್ಚಿದೆ. ಎಲ್ಲದರಲ್ಲೂ ಆಂಟಿ ನೋಲಾ. ಕೆಳಗೆ ‘ಹಿರಿಯರ ಜೊತೆ ನಮ್ಮ ನಿರಂತರ ಒಡನಾಟ’ ಎಂದು ದೊಡ್ಡಕ್ಷರದಲ್ಲಿ ಬರೆದೆ. ಅಷ್ಟಕ್ಕೇ ಬಿಡಲಿಲ್ಲ. ಅಂಗಳದ ಈ ಕಡೆಯಿಂದ ನೋಡಿದರೆ ರಸ್ತೆಯ ಬಿಳಿ ಕಾರು ಕಾಣುತ್ತಿತ್ತು. ಹಾಗಾಗಿ ನನ್ನ ನದಿಯನ್ನು ಕಟ್ಟಡದ ಹಿಂಬದಿಗೆ ಎಳೆದುಕೊಂಡು ಹೋಗಿ ಹಾಸಿದೆ.

ತಮ್ಮ ಪರಿಶೀಲಕರು ಬಂದರು. ಒಳ್ಳೆಯವರು. ಮಕ್ಕಳ ಎತ್ತರಕ್ಕೆ ಕುಕ್ಕರುಗಾಲಿನಲ್ಲಿ ಕೂತು ಮಾತಾಡಿಸಿದರು. ಫೋಟೊಗಳನ್ನು ನೋಡಿ, “ಈ ಹಿರಿಯರು ಇವತ್ತು ಬರ್ತಾರಾ?” ಎಂದು ಕೇಳಿದರು. “ಮೈ ಹುಷಾರಿಲ್ಲ ಅವ್ರಿಗೆ,” ಎಂದೆ. ಎಷ್ಟು ಸಲೀಸಾಗಿ ಬಂತು ಆ ಮಾತು. ಸ್ವಲ್ಪ ಹೊತ್ತಿಗೆ ಅವರು ಕೈಲಾಳ ಪಕ್ಕದಲ್ಲಿ ಕೂತರು. ನಾನು ಒಂದು ಮಾರು ದೂರದಲ್ಲಿದ್ದೆ.

“ನದಿ ಬಗ್ಗೆ ಇಷ್ಟೆಲ್ಲ ನಿಂಗೆ ಯಾರು ಹೇಳಿಕೊಟ್ಟಿದ್ದು ಪುಟ್ಟಿ?”

“ನಮ್ಮಜ್ಜಿ.”

“ಹೌದಾ. ಅಜ್ಜಿ ಈಗ ಎಲ್ಲಿದಾರೆ?”

“ಆ ಕಡೆ ಇದಾರೆ. ಅಲ್ಲಿಂದ್ಲೇ ನಮ್ಮನ್ನ ನೋಡ್ತಾ ಇರ್ತಾರೆ. ಒಳಗೆ ಬರಕ್ಕೆ ಮಾತ್ರ ಆಗಲ್ಲ.”

ಪರಿಶೀಲಕರ ಕಣ್ಣುಗಳು ತುಂಬಿಕೊಂಡವು. “ಎಷ್ಟು ಚೆನ್ನಾಗಿ ಹೇಳಿದೆ ಕಂದ,” ಎಂದು ಅವಳ ತಲೆ ಸವರಿ, ನನ್ನತ್ತ ನೋಡಿ ಎದೆಯ ಮೇಲೆ ಕೈಯಿಟ್ಟುಕೊಂಡರು. ನಾನೂ ತಲೆಯಾಡಿಸಿದೆ.

ತಮ್ಮ ವರದಿಯ ಹದಿನಾಲ್ಕನೆಯ ಪುಟ: ‘ಗತಿಸಿದ ಹಿರಿಯರು ತಮ್ಮನ್ನು ಸದಾ ಕಾಯುತ್ತಿದ್ದಾರೆಂಬ ಗಾಢವಾದ ಆಧ್ಯಾತ್ಮಿಕ ಅರಿವು ನಾಲ್ಕು ವರ್ಷದ ಮಗುವಿನಲ್ಲೂ ಕಂಡುಬಂದಿತು.’ ಮಾನ್ಯರೇ, ಆ ಗತಿಸಿದ ಹಿರಿಯರು ಅದೇ ಹೊತ್ತಿನಲ್ಲಿ ರಸ್ತೆಯ ಆ ಬದಿ ಕಾರಿನಲ್ಲಿ ಕೂತು ಟೊಮೇಟೊ ಸ್ಯಾಂಡ್‌ವಿಚ್ ತಿನ್ನುತ್ತಿದ್ದರು. ಮಗು ಇದ್ದದ್ದನ್ನು ಇದ್ದ ಹಾಗೆ ಹೇಳಿತ್ತು. ಅಲ್ಲಿದ್ದ ಇಬ್ಬರು ದೊಡ್ಡವರಲ್ಲಿ ಒಬ್ಬರಿಗೆ ಅದು ತಿಳಿಯಲಿಲ್ಲ, ತಿಳಿದ ಇನ್ನೊಬ್ಬಳು ಬಾಯಿ ಬಿಡಲಿಲ್ಲ. ಮೂಲನಿವಾಸಿ ಅಜ್ಜಿ ಎಂದೊಡನೆ ಆಕೆ ಸತ್ತೇ ಇರಬೇಕು, ಆತ್ಮವಾಗಿಯೇ ಇರಬೇಕು ಎಂದು ಅಷ್ಟು ಬೇಗ ಹೇಗೆ ತೋಚಿತು ತಮ್ಮವರಿಗೆ? ಬದುಕಿರುವ ಹೆಂಗಸು ಬೇಲಿಯ ಹೊರಗೆ ಕೂತಿರಬಹುದು ಎಂದು ಏಕೆ ತೋಚಲಿಲ್ಲ? ನನಗೆ ಕೇಳುವ ಹಕ್ಕಿಲ್ಲ, ಆದರೂ ಕೇಳುತ್ತಿದ್ದೇನೆ.

ನವೆಂಬರಿನ ಮೊದಲ ವಾರ ಆಂಟಿಯ ಸೋದರಸೊಸೆ ಶಾರ್ಲೀನ್ ಬಂದಳು. ಆರೋಗ್ಯ ಕೇಂದ್ರದಲ್ಲಿ ಕೆಲಸ ಮಾಡುವವಳು, ಕಾಗದಪತ್ರ ತಿಳಿದವಳು. ಎರಡು ತಿಂಗಳು ಬೆನ್ನುಬಿದ್ದು ಆ ನ್ಯಾಯಾಲಯದ ದಾಖಲೆಯ ನಕಲು ತರಿಸಿದ್ದಳು. ಮಕ್ಕಳೆಲ್ಲ ಹೋದ ಮೇಲೆ ಅವರ ಗಿಡ್ಡ ಮೇಜಿನ ಮೇಲೆ ಅದನ್ನಿಟ್ಟಳು.

“ಓದು. ಜೋರಾಗಿ ಓದು, ಕಾರ್ಮೆಲಾನೂ ಕೇಳ್ಲಿ.”

ಓದಿದೆ. ಮಕ್ಕಳ ನ್ಯಾಯಾಲಯ, ಅರವತ್ತೊಂದು ವರ್ಷ ಹಿಂದಿನ ತಾರೀಖು. ಆರೋಪಿಯ ವಯಸ್ಸು ನಾಲ್ಕು ವರ್ಷ ಎಂಟು ತಿಂಗಳು. ಆರೋಪ: ಪೋಷಣೆಯಿಲ್ಲದ ಮಗುವಾಗಿರುವುದು. ಆರೋಪ ಸಾಬೀತಾಗಿದೆ. ಹದಿನೆಂಟು ತುಂಬುವವರೆಗೆ ಸರ್ಕಾರದ ವಶಕ್ಕೆ.

ಕಾರ್ಮೆಲಾ ಮುಖ ಮುಚ್ಚಿಕೊಂಡಳು. ನಾನು ಮಗುವಿನ ಕುರ್ಚಿಯಲ್ಲಿ ಮೊಣಕಾಲು ಎದೆಗೆ ತಾಗುವಂತೆ ಕೂತಿದ್ದೆ. ಎದುರಿನ ಗೂಟಗಳಲ್ಲಿ ಮಕ್ಕಳ ಚೀಲಗಳ ಹೆಸರು ಚೀಟಿ. ನಾಲ್ಕು ವರ್ಷ ಎಂಟು ತಿಂಗಳು. ಆ ವಯಸ್ಸಿನವರು ನಮ್ಮಲ್ಲಿ ಆಗ ಏಳು ಜನ. ಅವರಲ್ಲಿ ಮೂವರಿಗೆ ಬೂಟಿನ ಎಡ ಯಾವುದು, ಬಲ ಯಾವುದು ತಿಳಿಯುತ್ತಿರಲಿಲ್ಲ.

“ಅವ್ರಿಗೇ ಗೊತ್ತಿರ್ಲಿಲ್ಲ,” ಎಂದಳು ಶಾರ್ಲೀನ್. “ಆಗ ನಮ್ಮೋರ ಮಕ್ಕಳನ್ನ ಸರ್ಕಾರದೋರು ಎತ್ಕೊಂಡ್ ಹೋಗ್ತಿದ್ರು. ತಮ್ಮನ್ನೂ ಎತ್ಕೊಂಡ್ ಹೋದ್ರು ಅಂತ ಗೊತ್ತಿತ್ತು. ಅದನ್ನ ಅವ್ರದೇ ತಪ್ಪು ಅಂತ ಕೋರ್ಟಿನಲ್ಲಿ ಬರ್ದಿಟ್ಟಿದಾರೆ ಅಂತ ಯಾರಿಗೆ ಗೊತ್ತಿತ್ತು? ನೀನು ಕೇಳ್ದೆಯಲ್ಲ, ಏನ್ ಮಾಡಿದೀರ ಅಂತ. ವಾರಗಟ್ಟಲೆ ಮನೇಲಿ ಕೂತು ಯೋಚ್ನೆ ಮಾಡಿದಾರೆ ಅವ್ರು, ನಾನೇನ್ ಮಾಡಿದ್ದೆ, ನಾನೇನ್ ಮಾಡಿದ್ದೆ ಅಂತ.”

ಶನಿವಾರ ಬೆಳಿಗ್ಗೆ ಆಂಟಿಯ ಮನೆಗೆ ಹೋದೆ. ಬಾಗಿಲು ತೆರೆದೇ ಇತ್ತು. ಅಡುಗೆಮನೆಯಲ್ಲಿ ಕೂರಿಸಿ ಟೀ ಕೊಟ್ಟರು. ನಾನು ಏನೋ ಹೇಳಲು ಹೊರಟೆ, ಅವರು ಕೈಯೆತ್ತಿ ತಡೆದರು. ತಾವೇ ಹೇಳಿದರು.

“ನದಿ ದಂಡೇಲೇ ಇದ್ವಿ, ತಗಡಿನ ಮನೆ. ಅಮ್ಮ ಹಣ್ಣು ಕೀಳಕ್ಕೆ ಹೋಗಿದ್ಳು. ಅಜ್ಜಿ ಬಲೆ ನೋಡಕ್ಕೆ ಹೋಗಿದ್ರು. ನಾನು ಹಿಟ್ಟು ಕಲೆಸ್ತಾ ಇದ್ದೆ, ನಿಜವಾದ ಹಿಟ್ಟು ಕಣೆ, ಆಟದ್ದಲ್ಲ. ಕಾರು ಬಂತು. ಒಬ್ಬ ಪೊಲೀಸು, ಒಬ್ಳು ಕೈಗವಸು ಹಾಕ್ಕೊಂಡಿರೋ ಹೆಂಗಸು. ನನ್ ಕೈ ಅಂಟಂಟಾಗಿತ್ತು ಅಂತ ಅವ್ಳು ಮಣಿಕಟ್ಟು ಹಿಡ್ಕೊಂಡ್ಳು. ಕೋರ್ಟಿನಲ್ಲಿ ನಿಲ್ಲಿಸಿದ್ರು. ಮೇಜು ನನ್ ತಲೆಗಿಂತ ಎತ್ತರ, ಹಿಂದೆ ಯಾರಿದಾರೆ ಅಂತ ಕಾಣ್ಲಿಲ್ಲ. ಯಾರೋ ಓದಿದ್ರು. ನಂಗೆ ಅರ್ಥ ಆಗಿದ್ದು ನನ್ ಹೆಸರು ಮಾತ್ರ. ಹೆಸರು ಕರೆದ್ರಲ್ಲ, ‘ಹಾಂ’ ಅಂದೆ.” ಅವರು ಸ್ವಲ್ಪ ನಕ್ಕರು. “ಒಪ್ಕೊಂಡೆ ಅಂತ ಬರ್ಕೊಂಡ್ರೋ ಏನೋ.”

ಹದಿನೆಂಟಾದ ಮೇಲೆ ವಾಪಸು ಬಂದಾಗ ಅಜ್ಜಿ ತೀರಿಹೋಗಿದ್ದರು. ನದಿಯನ್ನು ಅವರಿಗೆ ಮತ್ತೆ ಕಲಿಸಿದ್ದು ಒಬ್ಬ ಸೋದರಮಾವ. “ಇಪ್ಪತ್ತು ವರ್ಷ ಬೇಕಾಯ್ತು ನೋಡು. ನಾಲ್ಕು ವರ್ಷದಲ್ಲಿ ಬಿಟ್ಟಿದ್ದನ್ನ ಮತ್ತೆ ಹಿಡಿಯೋದಂದ್ರೆ. ಅದಕ್ಕೇ ನಿನ್ ಮಕ್ಕಳಿಗೆ ಹೇಳ್ಕೊಡ್ತೀನಿ ಅಂದಿದ್ದು. ಆ ವಯಸ್ಸಲ್ಲಿ ಕಿವಿ ತೆರ್ದಿರುತ್ತೆ.”

ಕ್ಷಮಿಸಿ ಎಂದೆ.

“ನೀನು ಕೇಳಿದ್ದು ತಪ್ಪಲ್ಲ. ಮಕ್ಕಳು ನಿನ್ ಜವಾಬ್ದಾರಿ, ಕೇಳ್ಬೇಕು. ಆದ್ರೆ ನೀನು ಕೇಳಿದ್ ರೀತಿ ಇದ್ಯಲ್ಲ, ಅದು ಆ ಪೊಲೀಸಿನೋನ್ದು. ಕಾಗದ ನೋಡಿ ನನ್ನ ನೋಡಿದೆ. ನನ್ನ ನೋಡಿ ಕಾಗದ ನೋಡ್ಬೇಕಿತ್ತು.” ಬಿಸ್ಕತ್ತಿನ ತಟ್ಟೆಯನ್ನು ನನ್ನ ಕಡೆ ಸರಿಸಿದರು. “ಕ್ಷಮಿಸೋದು ಆಮೇಲೆ ನೋಡೋಣ. ಇವತ್ತು ನಂಗೆ ಮನಸ್ಸಿಲ್ಲ. ಟೀ ಕುಡಿ.”

ಡಿಸೆಂಬರಿನ ಮೊದಲ ವಾರ ಕಾರ್ಡು ಬಂತು. ಜೊತೆಗಿದ್ದದ್ದು ಒಂದೇ ಸಾಲು: ಪರಿಶೀಲನೆ ಪೂರ್ಣಗೊಂಡಿದೆ. ವಿಷಾದವಿಲ್ಲ, ವಿವರಣೆಯಿಲ್ಲ. ಆಮೆಗಳು ತಮ್ಮ ಪರಿಶೀಲನೆಗೆ ಕಾಯಲಿಲ್ಲ. ನವೆಂಬರ್ ಮಳೆಗೆ ಮೇಲೆ ಬಂದು ಮೊಟ್ಟೆಯಿಟ್ಟು ಹೋಗಿದ್ದವು. ಶಾರ್ಲೀನಳನ್ನು ಕರೆದುಕೊಂಡು ಆಂಟಿ ಎರಡು ಗೂಡುಗಳಿಗೆ ಬಲೆ ಹೊದಿಸಿದ್ದರಂತೆ. ಮೊಣಕಾಲು ನೋವು, ಅದಕ್ಕಿಂತ ಹೆಚ್ಚಿಗೆ ಆಗಲಿಲ್ಲವಂತೆ. ಉಳಿದ ಒಂಬತ್ತನ್ನು ನರಿಗಳು ತೆಗೆದವು. ಪ್ರತಿ ವರ್ಷ ಆ ಕೆಲಸಕ್ಕೆ ಇಪ್ಪತ್ತೆರಡು ಜೊತೆ ಕೈಗಳಿರುತ್ತಿದ್ದವು. ಆ ವರ್ಷ ಆ ಕೈಗಳು ನನ್ನ ಪ್ಲಾಸ್ಟಿಕ್ ನದಿಯಲ್ಲಿ ಕಾಗದದ ಆಮೆ ನೆಟ್ಟಿದ್ದವು, ಅದಕ್ಕೆ ತಾವು ಪೂರ್ತಿ ಅಂಕ ಕೊಟ್ಟಿರಿ.

ಮತ್ತೆ ಬರುತ್ತೀರಾ ಎಂದು ಆಂಟಿಯನ್ನು ಕೇಳಿದೆ. “ನಿನ್ ಬೇಲಿ ಒಳಗೆ ಬರಲ್ಲ. ಮಕ್ಕಳನ್ನ ನದಿಗೆ ಕರ್ಕೊಂಡ್ ಬಾ, ನಾನಲ್ಲಿರ್ತೀನಿ. ಒಂದು ಮಾತು. ನಾನ್ಯಾಕೆ ಬರ್ಲಿಲ್ಲ ಅಂತ ಅವ್ರಿಗೆ ನೀನೇ ಹೇಳ್ಬೇಕು. ನನ್ನೆದುರಿಗೆ.”

ವರ್ಷದ ಕೊನೆಯ ಬುಧವಾರ ಹೇಳಿದೆ. ತಂದೆತಾಯಿಯರಲ್ಲೂ ಕೆಲವರು ಬಂದಿದ್ದರು. ಮರಳಿನ ಮೇಲೆ ಕೂತ ಮಕ್ಕಳಿಗೆ, ಆಂಟಿಗೆ ಹುಷಾರಿಲ್ಲ ಎಂದು ನಾನು ಪರಿಶೀಲಕರಿಗೆ ಹೇಳಿದ್ದು ಸುಳ್ಳು, ಅವರು ಒಳಗೆ ಬರಬಾರದೆಂದು ತಡೆದವರಲ್ಲಿ ನಾನೂ ಒಬ್ಬಳು, ಆಂಟಿ ಯಾವ ತಪ್ಪನ್ನೂ ಮಾಡಿರಲಿಲ್ಲ ಎಂದೆ. ಒಬ್ಬ ತಾಯಿ ನೆಲ ನೋಡತೊಡಗಿದರು. ಮೊದಲು ಮಾತಾಡಿದ್ದು ಕೈಲಾ.

“ಯಾಕೆ ಸುಳ್ಳು ಹೇಳಿದ್ರಿ?”

“ನಂಗೆ ಹೆದ್ರಿಕೆ ಆಗಿತ್ತು.”

“ಅಜ್ಜೀನ ಕಂಡ್ರೆ ಹೆದ್ರಿಕೆನಾ?”

ಇಲ್ಲ ಎಂದೆ. ಅವಳು ಯೋಚಿಸಿ, ಅವರ ಮನೆಯಲ್ಲಿ ದೊಡ್ಡವರು ಹೇಳುವ ಧಾಟಿಯಲ್ಲೇ ತಲೆಯಾಡಿಸಿ, “ನಾಚಿಕೆಗೇಡು,” ಎಂದಳು. ಆಂಟಿ ಗಟ್ಟಿಯಾಗಿ ನಕ್ಕುಬಿಟ್ಟರು. ನಕ್ಕು ಕಣ್ಣೊರೆಸಿಕೊಂಡು, “ಸಾಕು ಬಾ, ಕೂತ್ಕೋ,” ಎಂದು ನನಗೆ ಹೇಳಿದರು. ಕ್ಷಮಿಸಿದ್ದೇನೆ ಎಂದು ಹೇಳಲಿಲ್ಲ. ಇಂದಿಗೂ ಹೇಳಿಲ್ಲ. ಆ ಮಕ್ಕಳು ಜನವರಿಯಲ್ಲಿ ದೊಡ್ಡ ಶಾಲೆಗೆ ಹೋದರು. ಅವರ ಪಾಲಿನ ಆ ತಿಂಗಳುಗಳನ್ನು ನಾನು ಎಲ್ಲಿಂದ ತಂದುಕೊಡಲಿ?

ಮಾನ್ಯರೇ, ಒಂದು ಮಗುವನ್ನು ನದಿಯಿಂದ ಎತ್ತಿಕೊಂಡು ಹೋದದ್ದು ಸರ್ಕಾರ. ಎತ್ತಿಕೊಂಡು ಹೋದದ್ದಕ್ಕೆ ಮಗುವೇ ಅಪರಾಧಿಯೆಂದು ಬರೆದದ್ದು ಸರ್ಕಾರ. ಆ ಬರಹವನ್ನು ಅರವತ್ತೊಂದು ವರ್ಷ ಜೋಪಾನವಾಗಿಟ್ಟು, ಅದೇ ಹೆಂಗಸು ಅದೇ ವಯಸ್ಸಿನ ಮಕ್ಕಳಿಗೆ ಅದೇ ನದಿಯನ್ನು ತೋರಿಸಲು ಹೊರಟಾಗ ಹೊರತೆಗೆದು ಅಡ್ಡ ಹಿಡಿದದ್ದೂ ಸರ್ಕಾರ. ಕೊನೆಗೆ ಅವರ ಫೋಟೊ ನೋಡಿ ನನಗೆ ಪ್ರಶಸ್ತಿ ಕೊಟ್ಟದ್ದೂ ಸರ್ಕಾರ. ಆ ಇಲಾಖೆ ಬೇರೆ, ಈ ಇಲಾಖೆ ಬೇರೆ ಎಂದು ತಾವು ಹೇಳಬಹುದು. ಮೇಜಿನ ಹಿಂದೆ ಯಾರಿದ್ದರೆಂದು ಆ ಮಗುವಿಗೆ ಆಗಲೂ ಕಂಡಿರಲಿಲ್ಲ.

ಆದ್ದರಿಂದ ನನ್ನ ಬೇಡಿಕೆ ಇಷ್ಟು. ದರ್ಜೆಯನ್ನು ರದ್ದುಮಾಡಿ, ಏಕೆ ರದ್ದಾಯಿತೆಂದು ನನ್ನ ಹೆಸರು ಹಾಕಿಯೇ ಪ್ರಕಟಿಸಿ. ಹದಿನಾಲ್ಕನೆಯ ಪುಟದ ಆ ವಾಕ್ಯವನ್ನು ತೆಗೆದು, ಮಗು ಹೇಳಿದ್ದನ್ನು ಹೇಳಿದ ಹಾಗೆ ಬರೆಯಿರಿ. ಆಂಟಿ ನೋಲಾ ಅವರ ಹೆಸರಿಗೆ ಒಂದು ಕ್ಷಮಾಪಣೆಯ ಪತ್ರ ಬರಲಿ. ಅಂಚೆಯಲ್ಲಿ ಬೇಡ, ಸಹಿ ಮಾಡಿದವರೇ ತಂದು ಅವರ ಎದುರು ಓದಲಿ. ಆಮೇಲೆ ತಮ್ಮ ಕಪಾಟುಗಳಲ್ಲಿ ಇನ್ನೆಷ್ಟು ಜನ ನಾಲ್ಕು ವರ್ಷದ, ಎರಡು ವರ್ಷದ, ತೊಟ್ಟಿಲಿನಲ್ಲಿದ್ದ ಅಪರಾಧಿಗಳಿದ್ದಾರೆಂದು ಹುಡುಕಿ ತೆಗೆಯಿರಿ. ಅವರಲ್ಲಿ ಎಷ್ಟೋ ಜನ ಈಗ ಅಜ್ಜಿಯರು, ಅಜ್ಜಂದಿರು. ಅರ್ಜಿಯಲ್ಲಿ ‘ಇಲ್ಲ’ ಎಂದು ಬರೆದು, ಪ್ರಾಮಾಣಿಕವಾಗಿ ಬರೆದು, ಸುಳ್ಳುಗಾರರೆನಿಸಿಕೊಂಡು ಕೂತಿರುತ್ತಾರೆ.

ಇನ್ನೊಂದು ಸಂಗತಿ ತಿಳಿಸಿ ಮುಗಿಸುತ್ತೇನೆ. ತಪಾಸಣೆ ನಡೆದ ವಾರದಲ್ಲೇ ನನ್ನ ಅರ್ಹತಾ ಕಾರ್ಡಿನ ಅವಧಿಯೂ ಮುಗಿದಿತ್ತು. ನವೀಕರಣಕ್ಕೆ ಅರ್ಜಿ ಹಾಕಿದೆ. ಮಕ್ಕಳಿಗೆ ಹಾನಿಯಾಗುವಂಥದ್ದನ್ನು ಏನಾದರೂ ಮಾಡಿದ್ದೀರಾ ಎಂಬ ಪ್ರಶ್ನೆಗೆ ‘ಇಲ್ಲ’ ಎಂದು ಬರೆದೆ. ತಾವು ಯಾರನ್ನೂ ಏನನ್ನೂ ಕೇಳಲಿಲ್ಲ. ಮೂರನೆಯ ದಿನ ಕಾರ್ಡು ಮನೆಗೆ ಬಂತು.

ಇಂತಿ,
ತಮ್ಮ ಕಡತಗಳಲ್ಲಿ ಒಂದು ಕಲೆಯೂ ಇಲ್ಲದ
ರೋವೀನಾ ಪೆಂಗೆಲ್ಲಿ